ಸಹಾಯ ಬೇಕು: ಕೈಯ ಓರೆ ಚಲನೆಯ ವ್ಯಾಯಾಮ

ಫಿಸಿಯೋಥೆರಪಿ ಬಲ್ಲವರು ದಯವಿಟ್ಟು ತಿಳಿಸಿ. ಪಾರ್ಶ್ವವಾಯುವಿನಿಂದ ಅಪ್ಪನ ಬಲಗೈ ಸೋತಿದೆ. ಪಿಎನ್‌ಎಫ್ (ನರ-ಸ್ನಾಯುಗಳನ್ನು ಚುರುಕುಗೊಳಿಸುವ ವ್ಯಾಯಾಮ) ಪದ್ಧತಿಯ ಓರೆ ಚಲನೆಗಳನ್ನು ಮನೆಯಲ್ಲೂ ಮಾಡಿಸಲು ಥೆರಪಿಸ್ಟ್ ಹೇಳಿದ್ದಾರೆ. ಈ ಓರೆ ಚಲನೆಗಳು ಎರಡು ಬಗೆ: ಡಿ1 ಮತ್ತು ಡಿ2. ಡಿ2 ಸುಲಭವಾಗಿ ತಿಳಿಯಿತು: ಎಡ ಸೊಂಟದ ಬಳಿ ಮುಷ್ಟಿ ಕಟ್ಟಿದ ಕೈ, ಒರೆಯಿಂದ ಕತ್ತಿ ಹಿರಿದಂತೆ, ಬೆರಳು ಬಿಚ್ಚುತ್ತಾ ಬಲಭುಜದ ಮೇಲಕ್ಕೆ ಹೋಗಬೇಕು. ಡಿ1ರಲ್ಲಿ ಬಲತೊಡೆಯ ಪಕ್ಕದಿಂದ ಹೊರಟ ಕೈ ಮುಖದ ಮುಂದೆ ಹಾದು ಎಡಕ್ಕೆ ಏರುತ್ತದೆ, ಬೆರಳು ಮುಚ್ಚಿಕೊಳ್ಳುತ್ತವೆ. ಏರುವಾಗ ಎರಡರಲ್ಲೂ ತೋಳು ಹೊರಕ್ಕೇ ತಿರುಗುತ್ತದೆಯಂತೆ.

ನನ್ನ ಪ್ರಶ್ನೆ: ಅಪ್ಪನ ಬೆರಳುಗಳು ಮೊದಲೇ ಬಿಗಿದಿರುವಾಗ ಡಿ1ಕ್ಕಿಂತ ಡಿ2 ಹೆಚ್ಚು ಮಾಡಿಸಬೇಕೆ? ಡಿ2ರಲ್ಲಿ ಕೈ ಎದೆಮಟ್ಟ ದಾಟಿದೊಡನೆ ಭುಜ ಕಿವಿಯತ್ತ ಎದ್ದುಬಿಡುತ್ತದೆ. ಅಲ್ಲಿಗೇ ನಿಲ್ಲಿಸಬೇಕೆ, ಹೆಗಲಮೂಳೆಗೆ ಆಸರೆ ಕೊಟ್ಟು ಮುಂದುವರಿಸಬಹುದೇ? ನೋವಿಲ್ಲ ಎನ್ನುತ್ತಾರೆ, ಆ ವಿಷಯದಲ್ಲಿ ಅಪ್ಪನ ಮಾತು ನಂಬುವಂತಿಲ್ಲ. ಥೆರಪಿಸ್ಟ್ ಬರುವುದು ಸೋಮವಾರ.