ಹಾರ್ಡ್‌ಟ್ಯಾಕ್ ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಡಬ್ಬಿಯಲ್ಲಿಟ್ಟರೆ ಬೂಸ್ಟು ಬರುತ್ತಿದೆ

ನೀಲಿಕೋಟು:
ಎಲ್ಲರಿಗೂ ನಮಸ್ಕಾರ. ನಮ್ಮದು ಅಮೆರಿಕದ ಅಂತರ್ಯುದ್ಧ (1861–65) ಕಾಲದ ರೀಎನ್ಯಾಕ್ಟ್‌ಮೆಂಟ್ ತಂಡ, ಅಂದರೆ ಆಗಿನ ಸೈನಿಕರ ವೇಷ, ಬದುಕನ್ನು ಮತ್ತೆ ಅಭಿನಯಿಸಿ ತೋರಿಸುವವರು. ನಾವು ಯೂನಿಯನ್ (ಉತ್ತರದ ರಾಜ್ಯಗಳ) ಕಡೆಯ ಕಾಲಾಳುಗಳು. ಶಿಬಿರದಲ್ಲಿ ನಿಜವಾಗಿ ತಿನ್ನಬಹುದಾದ ಹಾರ್ಡ್‌ಟ್ಯಾಕ್ (ಆಗಿನ ಸೈನಿಕರ ಒಣ, ಗಟ್ಟಿ ಬಿಸ್ಕತ್ತು) ಇರಬೇಕು ಎಂದು ನಾನೇ ಮಾಡುತ್ತಿದ್ದೇನೆ.

500 ಗ್ರಾಂ ಗೋಧಿ ಹಿಟ್ಟು, 300 ಮಿಲಿ ನೀರು, ಸ್ವಲ್ಪ ಉಪ್ಪು. ಅರ್ಧ ಇಂಚು ದಪ್ಪ ಲಟ್ಟಿಸಿ, 3⅛ × 2⅞ ಇಂಚಿಗೆ ಕತ್ತರಿಸಿ, ಫೋರ್ಕಿನಿಂದ ಚುಚ್ಚುತ್ತೇನೆ. ಓವನ್ 190 ಡಿಗ್ರಿ ಸೆಲ್ಸಿಯಸ್, ಒಂದೊಂದು ಬದಿ ಅರ್ಧ ಗಂಟೆ.

ಕೆಲವು ಪೂರಿಯ ಹಾಗೆ ಉಬ್ಬಿ ಎರಡು ಪದರ ಆಗುತ್ತವೆ. ಉಳಿದವು ನೋಡಲು ಚೆನ್ನಾಗಿವೆ, ತಟ್ಟಿದರೆ ಟಕ್ ಟಕ್ ಅನ್ನುತ್ತವೆ. ಆದರೆ ಡಬ್ಬಿಯಲ್ಲಿ ಒಂದು ವಾರ ಇಟ್ಟು ಮುರಿದರೆ ನಡುವೆ ರಬ್ಬರಿನಂತಿದೆ, ಮುಗ್ಗಲು ವಾಸನೆ ಬೇರೆ. ಒಂದರ ತೂತಿನಲ್ಲಿ ಹಸಿರು ಬೂಸ್ಟು ಕೂಡ ಕಾಣಿಸಿತು. ಉರಿ ಜಾಸ್ತಿ ಮಾಡಬೇಕಾ?

ಡೇರೆವಾಸಿ:
ಕಣಕಕ್ಕೆ ಎರಡು ಚಮಚ ಎಣ್ಣೆ ಹಾಕಿ ನೋಡಿ. ಪದರ ಬಿಡುವುದು ಕಡಿಮೆಯಾಗುತ್ತದೆ, ಕಚ್ಚಲೂ ಸುಲಭ. ನಮ್ಮ ತಂಡದಲ್ಲಿ ಹಾಗೇ ಮಾಡುತ್ತಾರೆ.

ಹಳೇಒಲೆ:
ಮೊದಲ ಮಾತು: ಆ ಡಬ್ಬಿಯಲ್ಲಿದ್ದದ್ದನ್ನೆಲ್ಲ ಎಸೆದುಬಿಡಿ. ಬೂಸ್ಟು ಕಂಡದ್ದು ಒಂದರಲ್ಲೇ ಇರಬಹುದು, ಆದರೆ ಎಲ್ಲವೂ ಅದೇ ತೇವದಲ್ಲಿ ಕೂತಿದ್ದವು. ಕೆರೆದು ತಿನ್ನಬೇಡಿ, ಮತ್ತೆ ಸುಟ್ಟೂ ತಿನ್ನಬೇಡಿ.

ಉರಿ ಜಾಸ್ತಿ ಮಾಡಬೇಡಿ. ಈಗಲೇ ಜಾಸ್ತಿಯಾಗಿದೆ. 190 ಡಿಗ್ರಿಯಲ್ಲಿ ಮೇಲ್ಮೈ ಬೇಗ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ನಡುವಿನ ನೀರು ಆವಿಯಾಗುತ್ತದೆ, ಹೊರಬರಲು ದಾರಿ ಇರುವುದಿಲ್ಲ. ಆವಿ ಜೋರಾಗಿದ್ದರೆ ಪದರ ಸೀಳುತ್ತದೆ. ಇಲ್ಲದಿದ್ದರೆ ಒಳಗೇ ಉಳಿದು, ತಣ್ಣಗಾದ ಮೇಲೆ ಮೆಲ್ಲಗೆ ಇಡೀ ಬಿಸ್ಕತ್ತಿಗೆ ಹರಡುತ್ತದೆ. ಮಾಡಿದ ದಿನ ಗಟ್ಟಿಯಾಗಿದ್ದದ್ದು ವಾರ ಕಳೆದ ಮೇಲೆ ಮೆತ್ತಗಾಗುವುದು ಇದರಿಂದಲೇ. ಹಾರ್ಡ್‌ಟ್ಯಾಕ್‌ನಲ್ಲಿ ಬೇಯಿಸುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ.

ಒಂದು ಪ್ರಶ್ನೆ. ಓವನ್‌ನಿಂದ ತೆಗೆದ ಮೇಲೆ ತೂಕ ನೋಡಿದ್ದೀರಾ?

ನೀಲಿಕೋಟು:
ಎಲ್ಲ ಎಸೆದೆ. ಇವತ್ತು ಅದೇ ಅಳತೆಯಲ್ಲಿ ಹೊಸದಾಗಿ ಮಾಡಿ ತೂಗಿದೆ. ಅಂಚಿನ ಚೂರುಗಳನ್ನೂ ಸೇರಿಸಿ ಲಟ್ಟಿಸಿದ್ದರಿಂದ ಕಣಕ ಪೂರ್ತಿ ಮುಗಿಯಿತು. 9 ಬಿಸ್ಕತ್ತು, ಒಟ್ಟು 610 ಗ್ರಾಂ.

ಹಳೇಒಲೆ:
ಸಮಸ್ಯೆ ಅಲ್ಲೇ ಸಿಕ್ಕಿತು.

ನೀವು ಹಾಕಿದ ಹಿಟ್ಟು 500 ಗ್ರಾಂ. ಒಣ ಹಿಟ್ಟಿನಲ್ಲೇ ಶೇಕಡಾ 12–14ರಷ್ಟು ತೇವ ಇರುತ್ತದೆ. ಹಾಗಾಗಿ ಸರಿಯಾಗಿ ಒಣಗಿದ ಹಾರ್ಡ್‌ಟ್ಯಾಕ್ ನೀವು ತೆಗೆದುಕೊಂಡ ಹಿಟ್ಟಿಗಿಂತಲೂ ಹಗುರ ಆಗಬೇಕು. ನಿಮ್ಮದು 110 ಗ್ರಾಂ ಹೆಚ್ಚಿದೆ. ಅದೆಲ್ಲ ನೀರು. ಬಣ್ಣ, ಸದ್ದು, ಗಂಟೆ ಯಾವುದನ್ನೂ ನಂಬಬೇಡಿ, ತಕ್ಕಡಿಯನ್ನು ನಂಬಿ.

ಇತಿಹಾಸದ ಲೆಕ್ಕವೂ ಇದನ್ನೇ ಹೇಳುತ್ತದೆ. ಯೂನಿಯನ್ ಸೈನಿಕನಿಗೆ ದಿನಕ್ಕೆ ಒಂದು ಪೌಂಡ್, ಅಂದರೆ 454 ಗ್ರಾಂ ಹಾರ್ಡ್‌ಟ್ಯಾಕ್ ಪಾಲು. ಕೆಲವು ರೆಜಿಮೆಂಟುಗಳಲ್ಲಿ 9, ಕೆಲವದರಲ್ಲಿ 10 ಎಣಿಸಿ ಕೊಡುತ್ತಿದ್ದರು. ಅಂದರೆ ಒಂದರ ತೂಕ 45ರಿಂದ 50 ಗ್ರಾಂ. ನಿಮ್ಮದು ಒಂದೊಂದೂ 68 ಗ್ರಾಂ ಹತ್ತಿರ ಬರುತ್ತಿದೆ, ಅಲ್ವಾ?

ಆಗಿನ ಹಾರ್ಡ್‌ಟ್ಯಾಕ್ ಅರ್ಧ ಇಂಚಿಗೆ ಸ್ವಲ್ಪ ಕಡಿಮೆ ದಪ್ಪ ಎನ್ನುತ್ತಾರಲ್ಲ, ಅದು ಸುಟ್ಟು ಮುಗಿದ ಬಿಸ್ಕತ್ತಿನ ದಪ್ಪ. ಹಸಿ ಕಣಕವನ್ನೇ ಅರ್ಧ ಇಂಚು ಲಟ್ಟಿಸಿದರೆ ಪೂರ್ತಿ ಒಣಗಿದ ಮೇಲೂ ತೂಕ ಜಾಸ್ತಿ ಬರುತ್ತದೆ, ನಡುಭಾಗ ಒಣಗುವುದೂ ಕಷ್ಟ. ಹಸಿಯಲ್ಲಿ 9–10 ಮಿಲಿಮೀಟರ್ ಸಾಕು.

ಹೀಗೆ ಮಾಡಿ. 500 ಗ್ರಾಂ ಮೈದಾ, 200 ಮಿಲಿ ನೀರು, 10 ಗ್ರಾಂ ಉಪ್ಪು. ಮೊದಲಿಗೆ ಪುಡಿಪುಡಿಯಾಗಿ, ಸೇರುವುದೇ ಇಲ್ಲ ಅನ್ನಿಸುತ್ತದೆ. ನೀರು ಸೇರಿಸಬೇಡಿ. ಒತ್ತಿ ಉಂಡೆ ಮಾಡಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟು ನಾದಿದರೆ ತಾನಾಗಿ ಹೊಂದಿಕೊಳ್ಳುತ್ತದೆ. 70 ಗ್ರಾಂನಂತೆ 10 ತುಂಡು ಮಾಡಿ. 150 ಡಿಗ್ರಿಯಲ್ಲಿ ಒಂದು ಗಂಟೆ, ನಡುವೆ ಒಮ್ಮೆ ತಿರುವಿಹಾಕಿ. ಆಮೇಲೆ 90–100 ಡಿಗ್ರಿಗೆ ಇಳಿಸಿ, ಓವನ್ ಬಾಗಿಲು ಒಂದು ಬೆರಳಷ್ಟು ತೆರೆದು, ಮೂರು ನಾಲ್ಕು ಗಂಟೆ ಜಾಲರಿಯ ಮೇಲೆ ಒಣಗಲು ಬಿಡಿ. 10 ಬಿಸ್ಕತ್ತಿನ ಒಟ್ಟು ತೂಕ 470 ಗ್ರಾಂಗಿಂತ ಕೆಳಗೆ ಬರುವವರೆಗೂ ಒಣಗಿಸುವುದನ್ನು ನಿಲ್ಲಿಸಬೇಡಿ. ಆ ಹತ್ತೂ ಸೇರಿ ಹೆಚ್ಚುಕಡಿಮೆ ಒಬ್ಬ ಸೈನಿಕನ ಒಂದು ದಿನದ ಪಾಲು. ಈ ಲೆಕ್ಕ ಕೂಡಿಬಂದಾಗ ನನಗಂತೂ ತುಂಬಾ ಖುಷಿಯಾಗುತ್ತದೆ.

ಗೋಧಿ ಹಿಟ್ಟು ಏಕೆ ಬೇಡ ಅಂದರೆ, ತೌಡು ಜಾಸ್ತಿ ನೀರು ಕುಡಿಯುತ್ತದೆ. ಅಷ್ಟೂ ನೀರನ್ನು ಮತ್ತೆ ನೀವೇ ಹೊರಗೆ ಕಳಿಸಬೇಕು. ಜೊತೆಗೆ ಅದರಲ್ಲಿ ಎಣ್ಣೆಯ ಅಂಶವೂ ಇದೆ, ಇಟ್ಟರೆ ಕಮಟು ವಾಸನೆ ಬರುತ್ತದೆ.

ಇದೇ ಕಾರಣಕ್ಕೆ ಡೇರೆವಾಸಿ ಅವರ ಎಣ್ಣೆಯ ಸಲಹೆ ನನಗೆ ಒಪ್ಪಿಗೆಯಿಲ್ಲ. ಎಣ್ಣೆ ಹಾಕಿದರೆ ಬಿಸ್ಕತ್ತು ಮೃದುವಾಗುವುದು ನಿಜ. ಆದರೆ ಹಿಟ್ಟು ಮತ್ತು ನೀರು ಮಾತ್ರ ಇದ್ದದ್ದರಿಂದಲೇ ಅದು ಪೆಟ್ಟಿಗೆಗಳಲ್ಲಿ ತಿಂಗಳುಗಟ್ಟಲೆ ತಡೆಯುತ್ತಿತ್ತು.

ಡೇರೆವಾಸಿ:
ಒಪ್ಪಿದೆ. ನಮ್ಮದು ಆವತ್ತೇ ಪ್ರೇಕ್ಷಕರಿಗೆ ಹಂಚಿ ಖಾಲಿಯಾಗುತ್ತದೆ, ಇಡುವ ಪ್ರಶ್ನೆ ಬರುವುದಿಲ್ಲ.

ತೂತುಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಫೋರ್ಕಿನ ಹಲ್ಲು ತೆಳ್ಳಗೆ, ಮೇಲೆ ಮೇಲೆ ಚುಚ್ಚಿದರೆ ಬೇಯುವಾಗ ಮುಚ್ಚಿಹೋಗುತ್ತದೆ. ಮೂರು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಕಡ್ಡಿ ತೆಗೆದುಕೊಳ್ಳಿ. ಕೆಳಗಿನ ಹಲಗೆಗೆ ತಾಗುವ ತನಕ ಚುಚ್ಚಿ, ಸ್ವಲ್ಪ ಅಲ್ಲಾಡಿಸಿ ತೆಗೆಯಿರಿ. ನಾಲ್ಕು ಸಾಲು, ಸಾಲಿಗೆ ನಾಲ್ಕು. ತೂತು ಅಲಂಕಾರಕ್ಕಲ್ಲ, ಆವಿ ಹೋಗುವ ದಾರಿ ಅದು. ಎರಡು ಪದರವನ್ನು ಹಿಡಿದಿಡುವುದೂ ಅದೇ. ಕಬ್ಬಿಣದ ಮೊಳೆ ಬಳಸಬೇಡಿ. ಕೆಲವಕ್ಕೆ ಸತುವಿನ ಲೇಪ ಇರುತ್ತದೆ, ಇಲ್ಲದಿದ್ದರೆ ತುಕ್ಕು.

ನೀಲಿಕೋಟು:
ಇಬ್ಬರಿಗೂ ತುಂಬಾ ಧನ್ಯವಾದ. ಹೇಳಿದಂತೆಯೇ ಮಾಡಿದೆ. ಒಂದೂ ಉಬ್ಬಲಿಲ್ಲ. ಮೂರು ಗಂಟೆ ಒಣಗಿದ ಮೇಲೆ 488 ಗ್ರಾಂ ಇತ್ತು, ಇನ್ನೊಂದು ಗಂಟೆಗೂ ಸ್ವಲ್ಪ ಜಾಸ್ತಿ ಬಿಟ್ಟೆ, 464ಕ್ಕೆ ಬಂತು. ಬಣ್ಣ ಮಾತ್ರ ಬಿಳಿಚಿಕೊಂಡಂತಿದೆ, ಸರಿಯೇ? ಇನ್ನೊಂದು, ಹ್ಯಾವರ್‌ಸ್ಯಾಕ್‌ನಲ್ಲಿ (ಸೈನಿಕರು ಹೆಗಲಿಗೆ ಹಾಕಿಕೊಳ್ಳುವ ಊಟದ ಚೀಲ) ಬೇಕನ್ (ಉಪ್ಪು ಹಾಕಿದ ಹಂದಿಮಾಂಸ) ಜೊತೆ ಇಡಬಹುದಾ?

ಹಳೇಒಲೆ:
ಬಿಳಿಚಿಕೊಂಡಿದ್ದರೆ ಒಳ್ಳೆಯದೇ. ಅಂಚು ನಸುಕಂದು, ನಡು ಕೆನೆಬಣ್ಣ ಇದ್ದರೆ ಸಾಕು. ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಿಗೆ ಹಾಕಿ. ಒಂದು ವಾರ ಬಿಟ್ಟು ಒಂದನ್ನು ತೂಗಿ, ಮುರಿದು ನೋಡಿ. ತೂಕ ಏರಿದ್ದರೆ ಡಬ್ಬಿ ಗಾಳಿ ಎಳೆಯುತ್ತಿದೆ ಎಂದರ್ಥ.

ಬೇಕನ್ ಜೊತೆ ಬೇಡ. ಕೊಬ್ಬು, ತೇವ ಎರಡೂ ಬಿಸ್ಕತ್ತಿಗೆ ಇಳಿಯುತ್ತವೆ. ಆಗಿನ ಸೈನಿಕರೂ ಕಾಫಿ, ಸಕ್ಕರೆಗೆಂದು ಚಿಕ್ಕ ಬಟ್ಟೆ ಚೀಲ ಇಟ್ಟುಕೊಳ್ಳುತ್ತಿದ್ದರು. ನೀವೂ ಹಾರ್ಡ್‌ಟ್ಯಾಕ್‌ಗೆ ಒಗೆದ ಹತ್ತಿ ಚೀಲ ಹೊಲಿದುಕೊಳ್ಳಿ. ಹ್ಯಾವರ್‌ಸ್ಯಾಕ್‌ನ ಕಪ್ಪು ಬಣ್ಣದ ಕ್ಯಾನ್ವಾಸಿಗೆ ಆಹಾರ ನೇರವಾಗಿ ತಾಗಬಾರದು. ಈಗ ಮಾರುವ ಚೀಲಗಳ ಬಣ್ಣ ತಿನ್ನುವ ವಸ್ತುವಿಗೆಂದು ಮಾಡಿದ್ದಲ್ಲ. ಮಾಂಸವನ್ನು ಐಸ್ ಪೆಟ್ಟಿಗೆಯಲ್ಲೇ ಇಡಿ, ಅಡುಗೆ ಹೊತ್ತಿಗೆ ತೆಗೆಯಿರಿ. ಇಲ್ಲಿ ಮಾತ್ರ ಹಳೆಯ ಕಾಲಕ್ಕೆ ನಿಷ್ಠೆ ಬೇಡ.

ಮತ್ತೆ, ಯಾರಿಗೂ ಒಣಗಿದ್ದನ್ನು ಹಾಗೇ ಕಚ್ಚಲು ಬಿಡಬೇಡಿ, ಹಲ್ಲು ಮುರಿಯುತ್ತದೆ. ಆಗಿನವರೂ ಬಂದೂಕಿನ ಹಿಡಿಯಿಂದ ಜಜ್ಜಿ ಬಿಸಿ ಕಾಫಿಗೆ ಹಾಕುತ್ತಿದ್ದರು. ನುಸಿ ಇದ್ದರೆ ಮೇಲೆ ತೇಲುತ್ತಿತ್ತು, ತೆಗೆದು ಕುಡಿಯುತ್ತಿದ್ದರು. ನನಗೆ ಇಷ್ಟವಾದದ್ದು ಸ್ಕಿಲ್ಲಿಗಲೀ: ತಣ್ಣೀರಿನಲ್ಲಿ ನೆನೆಸಿ, ಹಂದಿ ಕೊಬ್ಬಿನಲ್ಲಿ ಕೆಂಪಗೆ ಹುರಿಯುವುದು. ಪೂರ್ತಿ ಒಣಗಿದ ಬಿಸ್ಕತ್ತಿಗೆ ನೀರು ಇಳಿಯಲು ಹೊತ್ತು ಬೇಕು, ಒಂದು ಗಂಟೆ ಮೊದಲೇ ನೆನೆಹಾಕಿ.