ಗ್ರಬ್ ಬರೆಯುವಾಗ ‘ಬಯೋಸ್ ಬೂಟ್ ಪಾರ್ಟಿಶನ್ ಇಲ್ಲ’ ಎಂಬ ಸಂದೇಶ: ಫೋರ್ಸ್ ಬಳಸಬಹುದೇ?

ಪ್ರಶ್ನೆ

ನನ್ನ ಕಂಪ್ಯೂಟರಿನಲ್ಲಿ ವಿಂಡೋಸ್ 11 ಮೊದಲಿನಿಂದಲೂ ಇದೆ. ಅದೇ ಡಿಸ್ಕಿನ ಖಾಲಿ ಜಾಗದಲ್ಲಿ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಹಾಕಿದೆ. ಕೊನೆಯಲ್ಲಿ ಗ್ರಬ್ ಎಂಬ ಬೂಟ್ ಲೋಡರ್ (ಕಂಪ್ಯೂಟರ್ ಶುರುವಾದಾಗ ವ್ಯವಸ್ಥೆಯನ್ನು ತೆರೆಯುವ ಪ್ರೋಗ್ರಾಂ) ಬರೆಯುವ ಹಂತಕ್ಕೆ ಬಂದಾಗ ಕೆಲಸ ನಿಂತಿತು. ಲೈವ್ ಯುಎಸ್‌ಬಿಯಿಂದ (ಲಿನಕ್ಸನ್ನು ನೇರವಾಗಿ ಯುಎಸ್‌ಬಿಯಿಂದಲೇ ನಡೆಸಿ) ಗ್ರಬ್-ಇನ್‌ಸ್ಟಾಲ್ ಕಮಾಂಡನ್ನು ನಾನೇ ಕೊಟ್ಟಾಗಲೂ, ಈ ಜಿಪಿಟಿ (ಹೊಸ ಬಗೆಯ ಪಾರ್ಟಿಶನ್ ಕೋಷ್ಟಕದ) ಡಿಸ್ಕಿನಲ್ಲಿ ಬಯೋಸ್ ಬೂಟ್ ಪಾರ್ಟಿಶನ್ ಇಲ್ಲ, ಬ್ಲಾಕ್‌ಲಿಸ್ಟ್ (ಫೈಲು ಡಿಸ್ಕಿನಲ್ಲಿರುವ ಜಾಗಗಳ ಪಟ್ಟಿ) ನೆಚ್ಚಿಕೊಂಡು ಮುಂದುವರಿಯುವುದಿಲ್ಲ ಎಂಬ ಅರ್ಥದ ಸಂದೇಶವೇ ಬರುತ್ತಿದೆ. ಬಲವಂತವಾಗಿ ಬರೆಸುವ ಫೋರ್ಸ್ ಆಯ್ಕೆ ಸೇರಿಸಿದರೆ ದಾಟಿಕೊಳ್ಳಬಹುದು ಎಂದು ಓದಿದ್ದೇನೆ. ವಿಂಡೋಸ್ ಈಗಲೂ ಸರಿಯಾಗಿ ತೆರೆದುಕೊಳ್ಳುತ್ತಿರುವುದರಿಂದ ಮುಂದಿನ ಹೆಜ್ಜೆ ಇಡಲು ಅಂಜಿಕೆಯಾಗಿದೆ.

ಉತ್ತರ

ದಯವಿಟ್ಟು ಫೋರ್ಸ್ ಬಳಸಬೇಡಿ. ಆ ಸಂದೇಶ ಡಿಸ್ಕಿನ ದೋಷವನ್ನು ಹೇಳುತ್ತಿಲ್ಲ. ನಿಮ್ಮ ಲೈವ್ ಯುಎಸ್‌ಬಿ ಹಳೆಯ ಬಯೋಸ್ ವಿಧಾನದಲ್ಲಿ ಬೂಟ್ ಆಗಿದೆ ಎಂಬುದನ್ನು ಸೂಚಿಸುತ್ತಿದೆ. ವಿಂಡೋಸ್ ಬಯೋಸ್‌ನ ಬದಲು ಬಂದಿರುವ ಯುಇಎಫ್‌ಐ ವಿಧಾನದಲ್ಲಿದೆ, ನೀವು ಅದರ ಪಕ್ಕದಲ್ಲಿ ಬಯೋಸ್ ವಿಧಾನದ ಗ್ರಬ್ ಬರೆಯಲು ಹೊರಟಿದ್ದೀರಿ. ಹಳೆಯ ಬಗೆಯ ಪಾರ್ಟಿಶನ್ ಕೋಷ್ಟಕವಿರುವ ಎಂಬಿಆರ್ ಡಿಸ್ಕುಗಳಲ್ಲಿ ಮೊದಲ ಸೆಕ್ಟರಿಗೂ (ಡಿಸ್ಕಿನ ಒಂದು ಚಿಕ್ಕ ತುಂಡು) ಮೊದಲ ಪಾರ್ಟಿಶನ್ನಿಗೂ ನಡುವೆ ಯಾರಿಗೂ ಸೇರದ ಜಾಗವಿರುತ್ತಿತ್ತು, ಗ್ರಬ್‌ನ ಮುಖ್ಯ ಭಾಗ ಅಲ್ಲಿ ಕೂರುತ್ತಿತ್ತು. ಜಿಪಿಟಿಯಲ್ಲಿ ಆ ಜಾಗದ ಆರಂಭವನ್ನು ಪಾರ್ಟಿಶನ್ ಕೋಷ್ಟಕವೇ ಹಿಡಿದಿರುವುದರಿಂದ ಗ್ರಬ್ ತನಗೆಂದೇ ಪ್ರತ್ಯೇಕ ಪಾರ್ಟಿಶನ್ ಕೇಳುತ್ತದೆ. ಫೋರ್ಸ್ ಕೊಟ್ಟರೆ ಅದು ತನ್ನ ಫೈಲು ಇಂದು ಯಾವ ಸೆಕ್ಟರುಗಳಲ್ಲಿದೆ ಎಂಬುದನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ; ನಾಳೆ ಫೈಲ್‌ಸಿಸ್ಟಮ್ ಆ ಫೈಲನ್ನು ಬೇರೆಡೆಗೆ ಸರಿಸಿದರೆ ಬೂಟ್ ನಿಂತೇಹೋಗುತ್ತದೆ.

ಬೂಟ್ ಮೆನು ತೆರೆದು ನೋಡಿ. ಒಂದೇ ಯುಎಸ್‌ಬಿ ಎರಡು ಸಲ ಕಾಣಿಸಬಹುದು. ಹೆಸರಿನ ಮುಂದೆ ಯುಇಎಫ್‌ಐ ಎಂದಿರುವುದನ್ನು ಆರಿಸಿಕೊಳ್ಳಿ. ಲೈವ್ ವ್ಯವಸ್ಥೆ ತೆರೆದ ಮೇಲೆ ಸಿಸ್ ಡೈರೆಕ್ಟರಿಯೊಳಗಿನ ಫರ್ಮ್‌ವೇರ್‌ನಲ್ಲಿ ಇಎಫ್‌ಐ ಎಂಬ ಫೋಲ್ಡರ್ ಇದ್ದರೆ ವಿಧಾನ ಸರಿಯಾಗಿದೆ ಎಂದರ್ಥ. ಅದು ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ, ಏನನ್ನೂ ಬರೆಯಬೇಡಿ.

ಮುಂದುವರಿಯುವ ಮೊದಲು ಎರಡು ಕೆಲಸಗಳಿವೆ. ವಿಂಡೋಸಿನಲ್ಲಿ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ; ಅದೇ ಕಂಪ್ಯೂಟರಿನಲ್ಲಿ ಉಳಿಸಿದರೆ ಬೇಕಾದಾಗ ಕೈಗೆ ಸಿಗದು. ಆಮೇಲೆ ಇಎಫ್‌ಐ ಪಾರ್ಟಿಶನ್ನಿನಲ್ಲಿರುವುದನ್ನೆಲ್ಲ ಇನ್ನೊಂದು ಯುಎಸ್‌ಬಿಗೆ ನಕಲಿಸಿ. ಫ್ಯಾಟ್32 ವಿನ್ಯಾಸದ ಆ ಸಣ್ಣ ಪಾರ್ಟಿಶನ್ನಿನಲ್ಲಿಯೇ ವಿಂಡೋಸಿನ ಬೂಟ್ ಫೈಲುಗಳೂ ಇರುವುದರಿಂದ, ಯಾವ ಹಂತದಲ್ಲಿಯೂ ಅದನ್ನು ಫಾರ್ಮ್ಯಾಟ್ ಮಾಡಬಾರದು. ನಾನು ಒಮ್ಮೆ ಅವಸರದಲ್ಲಿ ಫಾರ್ಮ್ಯಾಟ್ ಎಂಬ ಚೌಕದ ಗುರುತನ್ನು ತೆಗೆಯದೆ ಮುಂದೆ ಹೋಗಿ, ಒಂದಿಡೀ ದಿನ ಕಳೆದುಕೊಂಡಿದ್ದೇನೆ.

ನಂತರ ಡೆಬಿಯನ್ನಿನ ರೂಟ್ (ಮುಖ್ಯ) ಪಾರ್ಟಿಶನ್ ಮೌಂಟ್ ಮಾಡಿ, ಅಂದರೆ ಒಂದು ಫೋಲ್ಡರಾಗಿ ಜೋಡಿಸಿ, ಅದರೊಳಗೆ ಬೂಟ್ ಫೋಲ್ಡರಿನ ಇಎಫ್‌ಐ ಎಂಬಲ್ಲಿಗೆ ಇಎಫ್‌ಐ ಪಾರ್ಟಿಶನ್ನನ್ನು ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಡೈರೆಕ್ಟರಿಗಳನ್ನೂ ಬೈಂಡ್ ಮಾಡಿ (ಅಲ್ಲಿಯೂ ಕಾಣುವಂತೆ ಮಾಡಿ), ಆ ಡೆಬಿಯನ್ನಿನೊಳಗಿಂದಲೇ ಕಮಾಂಡ್ ಕೊಡಲು ಬಿಡುವ ಸಿಎಚ್‌ರೂಟ್ ಮೂಲಕ ಒಳಗೆ ಹೋಗಿ. ನಿಮ್ಮಲ್ಲಿ ಈಗ ಬಯೋಸ್ ವಿಧಾನದ ಗ್ರಬ್-ಪಿಸಿ ಪ್ಯಾಕೇಜು ಬಂದಿರುವ ಸಂಭವವಿದೆ. ಅದರ ಬದಲು ಯುಇಎಫ್‌ಐ ವಿಧಾನದ ಗ್ರಬ್-ಇಎಫ್‌ಐ-ಎಎಂಡಿ64 ಹಾಕಿ, ಗ್ರಬ್-ಇನ್‌ಸ್ಟಾಲ್ ಮತ್ತು ಅಪ್‌ಡೇಟ್-ಗ್ರಬ್ ನಡೆಸಿ. ಬೂಟ್ ಆದಾಗ ಮೌಂಟ್ ಆಗಬೇಕಾದ ಪಾರ್ಟಿಶನ್ನುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಇಎಫ್‌ಐ ಪಾರ್ಟಿಶನ್ನಿನ ಸಾಲು ಸೇರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ಗ್ರಬ್ ಅಪ್‌ಡೇಟು ಆ ಪಾರ್ಟಿಶನ್ನಿಗೆ ತಲುಪುವುದಿಲ್ಲ.

ಮತ್ತೊಬ್ಬರ ಸೇರ್ಪಡೆ

ಎಂಬಿಆರ್ ಡಿಸ್ಕು ಇರುವವರಿಗೆ ಒಂದು ಮಾತು. ಮೊದಲ ಸೆಕ್ಟರಿನ 512 ಬೈಟುಗಳನ್ನು, ಇದ್ದದ್ದನ್ನು ಇದ್ದಂತೆ ನಕಲಿಸುವ ಡಿಡಿ ಕಮಾಂಡಿನಿಂದ ಉಳಿಸಿಕೊಳ್ಳುವುದು ಒಳ್ಳೆಯದೇ. ಆದರೆ ಹಿಂದಿರುಗಿಸುವಾಗ ಮೊದಲ 446 ಬೈಟು ಮಾತ್ರ ಬರೆಯಿರಿ. ಅದರ ಮುಂದಿನ 64 ಬೈಟುಗಳು ಪಾರ್ಟಿಶನ್ ಕೋಷ್ಟಕ. ನಡುವೆ ನೀವು ಪಾರ್ಟಿಶನ್ ಬದಲಿಸಿದ್ದರೆ ಹಳೆಯ ಕೋಷ್ಟಕ ಮರಳಿ ಬಂದು ಹೊಸದನ್ನು ಅಳಿಸುತ್ತದೆ.

ಪ್ರಶ್ನಿಸಿದವರಿಂದ

ಯುಎಸ್‌ಬಿ ನಿಜಕ್ಕೂ ಮೆನುವಿನಲ್ಲಿ ಎರಡು ಸಲ ಇತ್ತು, ನಾನು ಎರಡು ಸಲವೂ ಮೇಲಿನದನ್ನೇ ಒತ್ತಿದ್ದೆ. ಯುಇಎಫ್‌ಐ ಎಂದಿದ್ದುದರಿಂದ ಹೋದಾಗ ಗ್ರಬ್ ತಕರಾರಿಲ್ಲದೆ ಕುಳಿತಿತು. ಆದರೆ ಮೆನುವಿನಲ್ಲಿ ಡೆಬಿಯನ್ ಮಾತ್ರ ಇದೆ, ವಿಂಡೋಸ್ ಕಾಣುತ್ತಿಲ್ಲ.

ಉತ್ತರ

ಗಾಬರಿಯಾಗಬೇಡಿ, ಅದು ಅಳಿದಿಲ್ಲ. ಗ್ರಬ್ 2.06ರಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ನಡೆಯುವುದಿಲ್ಲ. ಆ ಪ್ಯಾಕೇಜು ಇದೆಯೇ ಎಂದು ನೋಡಿ, ಡೀಫಾಲ್ಟ್ ಫೋಲ್ಡರಿನ ಗ್ರಬ್ ಫೈಲಿನಲ್ಲಿ ಗ್ರಬ್-ಡಿಸೇಬಲ್-ಓಎಸ್-ಪ್ರೋಬರ್ ಎಂಬ ಸಾಲಿಗೆ ಫಾಲ್ಸ್ ಬೆಲೆ ಕೊಟ್ಟು, ಅಪ್‌ಡೇಟ್-ಗ್ರಬ್ ಮತ್ತೊಮ್ಮೆ ನಡೆಸಿ. ಮೂಲ ಹೆಸರಿನಲ್ಲಿ ಗೆರೆಗಳ ಬದಲು ಅಂಡರ್‌ಸ್ಕೋರ್ ಇರುತ್ತದೆ.

ಪ್ರಶ್ನಿಸಿದವರಿಂದ

ಈಗ ಎರಡೂ ಕಾಣುತ್ತಿವೆ. ವಿಂಡೋಸ್ ಆರಿಸಿದೊಡನೆ ನೀಲಿ ಪರದೆ ಬಂದು ಬಿಟ್‌ಲಾಕರ್ ರಿಕವರಿ ಕೀ ಕೇಳಿತು. ಕಾಗದ ನೋಡಿಕೊಂಡು 48 ಅಂಕಿಗಳನ್ನೂ ಒತ್ತಿದೆ, ತೆರೆದುಕೊಂಡಿತು.