ಎಲ್‌ಡಿಎಲ್ 168: ಅಡುಗೆಮನೆಯಲ್ಲಿ ಎಲ್ಲಿಂದ ಶುರು ಮಾಡಲಿ?

ನಾವು ಬಾಗಲಕೋಟೆ ನವನಗರದವರು. ಯಜಮಾನರಿಗೆ 46 ವರ್ಷ, ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 168 ಬಂದಿದೆ. ಮೂರು ತಿಂಗಳು ಊಟ, ವಾಕಿಂಗ್ ಸರಿ ಮಾಡಿ ಮತ್ತೆ ಪರೀಕ್ಷೆ ಮಾಡೋಣ ಎಂದಿದ್ದಾರೆ ಡಾಕ್ಟರ್. ದಿನಾ ರೊಟ್ಟಿ ಮೇಲೆ ಬೆಣ್ಣೆ, ಸಂಜೆ ಮಿರ್ಚಿ ಭಜಿ. ಅತ್ತೆ "ಅವನಿಗಷ್ಟೇ ಬೇರೆ ಅಡುಗೆ ಮಾಡು" ಅಂತಾರೆ. ನನಗೆ ಅದು ಸರಿ ಅನಿಸುತ್ತಿಲ್ಲ.

ಉತ್ತರ 1, ವಿಜಯಪುರ:
ಬೇರೆ ಅಡುಗೆ ಬೇಡವೇ ಬೇಡ. ಮನೆಯವರೆಲ್ಲ ಒಂದೇ ಅಡುಗೆ ಉಂಡರೆ ಮಾತ್ರ ಈ ಬದಲಾವಣೆ ಉಳಿಯುತ್ತದೆ. ಜೋಳದ ರೊಟ್ಟಿ ಬಿಡಬೇಡಿ, ಅದರಲ್ಲಿ ನಾರು ಇದೆ. ಬದಲಾಗಬೇಕಾದದ್ದು ಬೆಣ್ಣೆ. ಅದರ ಜಾಗಕ್ಕೆ ಅಗಸಿ ಚಟ್ನಿ ತನ್ನಿ. ಅಗಸಿಯನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿಯಿರಿ. ಬೆಳ್ಳುಳ್ಳಿ, ಜೀರಿಗೆ, ಒಣಖಾರ, ಉಪ್ಪು ಹಾಕಿ ಕುಟ್ಟಿ. ಚೆನ್ನಾಗಿ ಪುಡಿಯಾಗಬೇಕು, ಇಡೀ ಕಾಳು ಅರಗದೆ ಹಾಗೇ ಹೊರಗೆ ಹೋಗುತ್ತದೆ. ಜೊತೆಗೆ ಕೆನೆ ತೆಗೆದ ಮೊಸರು, ಮಡಿಕೆ ಕಾಳಿನ ಪಲ್ಯ. ಡಾಲ್ಡಾ, ಪಾಮ್ ಎಣ್ಣೆ ಮನೆಗೆ ತರಲೇಬೇಡಿ. ಭಜಿ ಹಬ್ಬಕ್ಕಿರಲಿ.

ಉತ್ತರ 2, ಬೆಳಗಾವಿ:
ಊಟದ ಜೊತೆ ನಡಿಗೆಯೂ ಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ನಿಮ್ಮ ಕಡೆ ಬಿಸಿಲು ಜಾಸ್ತಿ ಅಲ್ವಾ, ಬೆಳಿಗ್ಗೆ ಬೇಗ ಹೊರಡಿ. ನೀವೂ ಜೊತೆಗೆ ಹೋಗಿ. ಬೀಡಿ, ಸಿಗರೇಟು ಇದ್ದರೆ ಬಿಡಿಸಿ. ಥೈರಾಯ್ಡ್ ಕಡಿಮೆ ಇದ್ದರೂ ಎಲ್‌ಡಿಎಲ್ ಏರುತ್ತದೆ, ಅದನ್ನೂ ಡಾಕ್ಟರ್ ಹತ್ತಿರ ಕೇಳಿ. ಮುಂದೆ ಮಾತ್ರೆ ಕೊಟ್ಟರೆ ಹೆದರಬೇಡಿ. ನೀವಾಗಿಯೇ ನಿಲ್ಲಿಸಲೂ ಬೇಡಿ.

ಪ್ರಶ್ನೆ ಕೇಳಿದವರು:
ಥೈರಾಯ್ಡ್ ಪರೀಕ್ಷೆ ಮಾಡಿಸಿಲ್ಲ, ಕೇಳುತ್ತೇನೆ. ಅಗಸಿ ಹುರಿಯುವುದು ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತು, ಅವರಿಗೇ ಹೇಳುತ್ತೇನೆ.